ಕಟ್ಟಿಗೆ ಏಕೆ ಕರಗುವುದಿಲ್ಲ?

ಪ್ರಶ್ನೆ: ಮಂಜುಗಡ್ಡೆ, ಮೇಣ, ಸೀಸ ಎಲ್ಲವೂ ಕಾಯಿಸಿದರೆ ಕರಗುತ್ತವೆ. ಸಕ್ಕರೆ ಕರಗುತ್ತ ಕರಗುತ್ತಲೇ ಕಂದಾಗುತ್ತದೆ. ಕರ್ಪೂರ, ಅಯೋಡಿನ್ ಕರಗದೆಯೇ ಆವಿಯಾಗುತ್ತವೆ ಎಂದು ಓದಿದ್ದೇನೆ. ಕಟ್ಟಿಗೆ ಮಾತ್ರ ಉರಿದುಹೋಗುತ್ತದೆ. ಉರಿಯಲು ಗಾಳಿ ಬೇಕಲ್ಲವೇ? ಹಾಗಾದರೆ ಗಾಳಿಯೇ ಇಲ್ಲದ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಕಟ್ಟಿಗೆ ಕರಗಬೇಕಲ್ಲ? ಸಾಕಷ್ಟು ಬಿಸಿ ಮಾಡಿದರೆ ಯಾವುದೇ ಘನವಸ್ತು ದ್ರವವಾಗಲೇಬೇಕು ಎಂಬ ನನ್ನ ತಿಳಿವಳಿಕೆ ಸರಿಯೇ?

ಉತ್ತರ: ಕರಗುವುದಿಲ್ಲ. ಗಾಳಿಯನ್ನು ಪೂರ್ತಿ ಹೊರಹಾಕಿ ಕಾಯಿಸಿದರೂ ಕಟ್ಟಿಗೆ ಇದ್ದಿಲಾಗುತ್ತದೆಯೇ ಹೊರತು ದ್ರವವಾಗುವುದಿಲ್ಲ. ಹಾಗೆಂದು ನಿಮ್ಮ ತರ್ಕ ತಳಬುಡವಿಲ್ಲದ್ದೇನೂ ಅಲ್ಲ. ಉರಿಯುವುದಕ್ಕೆ ಗಾಳಿ ಬೇಕು, ಗಾಳಿ ತೆಗೆದರೆ ಉರಿ ನಿಲ್ಲುತ್ತದೆ ಎನ್ನುವವರೆಗೆ ನೀವು ಹೇಳಿದ್ದೆಲ್ಲ ನಿಜ. ಉರಿ ನಿಂತ ಮಾತ್ರಕ್ಕೆ ಕರಗುವ ದಾರಿ ತೆರೆದುಕೊಳ್ಳುತ್ತದೆ ಎಂದುಕೊಂಡಲ್ಲಿ ಎಡವಿದ್ದೀರಿ. ಕಟ್ಟಿಗೆ ಕರಗದಂತೆ ತಡೆಯುತ್ತಿರುವುದು ಅದರ ಅಣುಗಳ ರಚನೆ. ಸಾಕಷ್ಟು ಬಿಸಿ ಮಾಡಿದರೆ ಯಾವುದೇ ಘನ ದ್ರವವಾಗಲೇಬೇಕು ಎಂಬ ಮಾತು ಲೋಹಗಳ ಮಟ್ಟಿಗೆ ನಿಜ, ಅಡುಗೆ ಉಪ್ಪಿನ ಮಟ್ಟಿಗೂ ನಿಜ. ಜೀವಿಗಳಿಂದ ಬಂದ ವಸ್ತುಗಳ ಹತ್ತಿರ ಬಂದರೆ ಅದು ಅರ್ಧಕ್ಕರ್ಧ ಕೈಕೊಡುತ್ತದೆ.

ಘನವಸ್ತುವಿನ ಕಣಗಳು ನಿಂತಲ್ಲೇ ನಿಂತು ಸದಾ ಅಲುಗುತ್ತಿರುತ್ತವೆ. ಬಿಸಿ ಏರಿದಂತೆ ಅಲುಗಾಟವೂ ಏರುತ್ತದೆ. ಎಷ್ಟು ಅಲುಗಿದರೆ ಸಾಲು ಮುರಿದು ದ್ರವವಾಗುತ್ತದೆ ಎಂಬುದಕ್ಕೆ ಭೌತವಿಜ್ಞಾನಿ ಫ್ರೆಡರಿಕ್ ಲಿಂಡೆಮನ್ 1910ರಲ್ಲಿ ಒಂದು ಅಂದಾಜು ಕೊಟ್ಟರು. ಆಮೇಲೆ ಬಂದವರು ಅದನ್ನು ತಿದ್ದಿದರು. ಈಗ ಬಳಕೆಯಲ್ಲಿರುವ ರೂಪದಲ್ಲಿ ಹೇಳುವುದಾದರೆ, ಕಣದ ಅಲುಗಾಟವು ಪಕ್ಕದ ಕಣಕ್ಕಿರುವ ದೂರದ ಸುಮಾರು ಹತ್ತನೇ ಒಂದು ಭಾಗವಾದಾಗ ಸ್ಫಟಿಕದ ಶಿಸ್ತು ಉಳಿಯುವುದಿಲ್ಲ. ಒರಟು ಲೆಕ್ಕವೇ, ಆದರೆ ಎಷ್ಟೋ ವಸ್ತುಗಳಿಗೆ ಅಚ್ಚರಿಯಾಗುವಷ್ಟು ಹೊಂದುತ್ತದೆ.

ಕರಗುತ್ತಿರುವಾಗ ತಾಪಮಾನ ಏರದೆ ನಿಲ್ಲುವುದನ್ನು ನೀವು ಪಾಠದಲ್ಲಿ ಓದಿರುತ್ತೀರಿ. 1760ರ ದಶಕದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದರು. ಗುಪ್ತೋಷ್ಣ ಎಂದು ನಾವು ಕರೆಯುವುದು ಇದನ್ನೇ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಸೊನ್ನೆ ಡಿಗ್ರಿಯ ನೀರಾಗಲು 334 ಜೂಲ್ ಶಾಖ ಬೇಕು. ಅಷ್ಟೇ ಶಾಖವನ್ನು ಆ ನೀರಿಗೆ ಕೊಟ್ಟರೆ ಅದು 80 ಡಿಗ್ರಿಗೆ ಬಿಸಿಯಾಗುತ್ತದೆ. ಇಷ್ಟೊಂದು ಶಾಖ ಖರ್ಚಾಗುವುದು ಒಂದು ನೀರಿನ ಅಣುವನ್ನು ಇನ್ನೊಂದರ ಹಿಡಿತದಿಂದ ಸಡಿಲಿಸುವುದಕ್ಕೆ. ಅಣುವಿನ ಒಳಗೆ ಏನೂ ಆಗುವುದಿಲ್ಲ. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿದ ಆ ಜೋಡಣೆ ಮಂಜಿನಲ್ಲೂ ಅದೇ, ನೀರಿನಲ್ಲೂ ಅದೇ, ಹಬೆಯಲ್ಲೂ ಅದೇ. ಬರಿಯ ಶಾಖದಿಂದ ಆ ಜೋಡಣೆಯನ್ನು ಗಣನೀಯವಾಗಿ ಮುರಿಯಬೇಕಾದರೆ ಎರಡು ಸಾವಿರ ಡಿಗ್ರಿ ದಾಟಬೇಕು.

ಅಂದರೆ ಘನವಸ್ತುವಿನಲ್ಲಿ ಎರಡು ಬಗೆಯ ಬಿಗಿತಗಳಿವೆ. ಅಣುವಿಗೂ ಅಣುವಿಗೂ ನಡುವಿನದು ಒಂದು, ಅಣುವಿನ ಒಳಗಿನದು ಇನ್ನೊಂದು. ಶಾಖಕ್ಕೆ ಈ ಭೇದ ಗೊತ್ತಿಲ್ಲ. ಅದು ಎರಡನ್ನೂ ಒಟ್ಟಿಗೆ ಅಲುಗಿಸುತ್ತದೆ. ಹೊರಗಿನ ಬಿಗಿತ ಮೊದಲು ಸಡಿಲವಾದರೆ ವಸ್ತು ಕರಗಿತು ಎನ್ನುತ್ತೇವೆ. ಒಳಗಿನದು ಮೊದಲು ಮುರಿದರೆ ವಿಭಜನೆ ಆಯಿತು ಎನ್ನುತ್ತೇವೆ. ಇದು ಎರಡು ಘಟನೆಗಳ ನಡುವಿನ ಓಟ. ನೀರಿನಲ್ಲಿ ಈ ಓಟಕ್ಕೆ ಅರ್ಥವೇ ಇಲ್ಲ, ಒಂದು ಸೊನ್ನೆಯಲ್ಲಿ ಮುಗಿದರೆ ಇನ್ನೊಂದು ಸಾವಿರಾರು ಡಿಗ್ರಿ ಆಚೆ ನಿಂತಿದೆ. ಬಟ್ಟೆಯ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆಯೂ ಹೀಗೆಯೇ, 80 ಡಿಗ್ರಿಗೆ ತಿಳಿಯಾಗಿ ಕರಗುತ್ತದೆ.

ಕಟ್ಟಿಗೆಯಲ್ಲಿ ಓಟದ ಫಲಿತಾಂಶ ತಿರುವುಮುರುವು. ಅದರ ಮುಖ್ಯ ಭಾಗ ಸೆಲ್ಯುಲೋಸ್. ಗ್ಲೂಕೋಸ್ ಘಟಕಗಳು ಒಂದರ ಹಿಂದೊಂದು ಸಾವಿರಾರು ಸಂಖ್ಯೆಯಲ್ಲಿ, ಕೆಲವೊಮ್ಮೆ ಹತ್ತು ಸಾವಿರದವರೆಗೂ ಸೇರಿ ಒಂದು ಸರಪಳಿ. ಇಂಥ ಸರಪಳಿಗಳು ಅಕ್ಕಪಕ್ಕ ಮಲಗಿ, ಉದ್ದಕ್ಕೂ ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಹೈಡ್ರೋಜನ್ ಬಂಧ ದುರ್ಬಲ. ಅಣುವಿನೊಳಗಿನ ಇಂಗಾಲ–ಆಕ್ಸಿಜನ್ ಬಂಧದ ಮುಂದೆ ಅದರ ಶಕ್ತಿ ಹತ್ತರಲ್ಲೊಂದು ಪಾಲೂ ಇಲ್ಲ ಎನ್ನಬಹುದು. ಆದರೆ ಒಂದು ಸರಪಳಿ ಇನ್ನೊಂದರ ಪಕ್ಕದಿಂದ ಜಾರಿ ಹರಿಯಬೇಕಾದರೆ ಇಂಥ ಸಾವಿರಾರು ಬಂಧಗಳು ಒಟ್ಟಿಗೆ ಬಿಡಬೇಕು. ಅದೇ ಸರಪಳಿ ತುಂಡಾಗಬೇಕಾದರೆ ಎಲ್ಲೋ ಒಂದು ಕಡೆ ಒಂದೇ ಒಂದು ಕೊಂಡಿ ಮುರಿದರೆ ಸಾಕು. ಯಾವುದು ಮೊದಲು ಆಗುತ್ತದೆ ಎಂದು ಊಹಿಸಲು ದೊಡ್ಡ ಗಣಿತ ಬೇಕಿಲ್ಲ.

ಕಟ್ಟಿಗೆಯ ಇನ್ನೆರಡು ಭಾಗಗಳಲ್ಲಿ ಹೆಮಿಸೆಲ್ಯುಲೋಸ್ ಎಲ್ಲಕ್ಕಿಂತ ಅಳ್ಳಕ, 220 ಡಿಗ್ರಿಯ ಆಸುಪಾಸಿನಲ್ಲೇ ಒಡೆಯತೊಡಗುತ್ತದೆ. ಸೆಲ್ಯುಲೋಸ್ ಮುಖ್ಯವಾಗಿ ಒಡೆಯುವುದು 315ರಿಂದ 400 ಡಿಗ್ರಿಯ ನಡುವೆ. ಲಿಗ್ನಿನ್ ಎಂಬ ಮೂರನೆಯದು ಬಹಳ ಕೆಳಗಿನ ತಾಪಮಾನದಲ್ಲೇ ಆರಂಭಿಸಿ ನಿಧಾನವಾಗಿ ಎಳೆದುಕೊಂಡು ಹೋಗುತ್ತದೆ. ಇದ್ದಿಲಿನ ದೊಡ್ಡ ಪಾಲು ಬರುವುದು ಈ ಲಿಗ್ನಿನ್‌ನಿಂದ.

ನೀವು ಹೇಳಿದ ಪ್ರಯೋಗವನ್ನು ಪ್ರಯೋಗಾಲಯದಲ್ಲಿ ಸುಲಭವಾಗಿ ಮಾಡಬಹುದು. ಗಟ್ಟಿ ಗಾಜಿನ ಪ್ರನಾಳದಲ್ಲಿ ಒಣ ಮರದ ಚಕ್ಕೆಗಳನ್ನು ತುಂಬಿ, ಹೊಗೆ ಹೊರಹೋಗಲು ಒಂದು ಕಿರಿದಾದ ಕೊಳವೆ ಮಾತ್ರ ಬಿಟ್ಟು ಬಾಯಿ ಮುಚ್ಚಿ, ಪ್ರನಾಳವನ್ನು ಬಾಯಿಯ ಕಡೆಗೆ ತುಸು ಬಗ್ಗಿಸಿ ಕಾಯಿಸಿ. ಮೊದಲು ಗಾಜಿನ ಒಳಗೋಡೆಯಲ್ಲಿ ನೀರಿನ ಹನಿಗಳು ಕೂರುತ್ತವೆ. ಆಮೇಲೆ ಬಿಳಿ ಹೊಗೆ, ಅದರ ಹಿಂದೆಯೇ ಹಳದಿ, ಕಂದು ದ್ರವ ಗೋಡೆಯ ಮೇಲೆ ಇಳಿಯುತ್ತದೆ. ಕೊಳವೆಯ ತುದಿಗೆ ಬೆಂಕಿ ತಾಗಿಸಿದರೆ ಅಲ್ಲಿ ಜ್ವಾಲೆ ಹತ್ತಿಕೊಳ್ಳುತ್ತದೆ. ಪ್ರಯೋಗ ನೋಡಿದವರು ಆ ಕಂದು ದ್ರವವನ್ನು ತೋರಿಸಿ ‘ನೋಡಿ, ಕಟ್ಟಿಗೆ ಕರಗಿದೆ’ ಎನ್ನುವುದುಂಟು. ಅದು ಕರಗಿದ ಕಟ್ಟಿಗೆಯಲ್ಲ. ಕರಗಿದ್ದಾಗಿದ್ದರೆ ತಣ್ಣಗಾದ ಮೇಲೆ ಮತ್ತೆ ಕಟ್ಟಿಗೆಯಾಗಬೇಕಿತ್ತು, ಕನಿಷ್ಠಪಕ್ಷ ಸೆಲ್ಯುಲೋಸ್ ಆದರೂ ಆಗಬೇಕಿತ್ತು. ಆ ದ್ರವದಲ್ಲಿ ಇರುವುದು ನೀರು, ಅಸಿಟಿಕ್ ಆಮ್ಲ, ಮೆಥನಾಲ್, ಟಾರು. ಎಲ್ಲವೂ ಒಡೆದ ಚೂರುಗಳು. ಮೆಥನಾಲಿಗೆ ಮರದ ಮದ್ಯಸಾರ ಎಂಬ ಹಳೆಯ ಹೆಸರು ಬಂದದ್ದೂ ಹೀಗೆ ಮರವನ್ನು ಕಾಯಿಸಿ ಅದನ್ನು ಪಡೆಯುತ್ತಿದ್ದುದರಿಂದಲೇ. ಪ್ರನಾಳದ ತಳದಲ್ಲಿ ಕಪ್ಪಾಗಿ ಉಳಿದ ಚಕ್ಕೆಗಳನ್ನು ತೆಗೆದು ನೋಡಿ: ಕುಗ್ಗಿದ್ದರೂ ಮರದ ಎಳೆಗಳು, ಬೆಳವಣಿಗೆಯ ಗೆರೆಗಳು ಹಾಗೆಯೇ ಕಾಣುತ್ತವೆ. ಒಮ್ಮೆ ದ್ರವವಾಗಿ ಹರಿದ ವಸ್ತುವಿನಲ್ಲಿ ಈ ಗೆರೆಗಳು ಉಳಿಯುವುದು ಸಾಧ್ಯವೇ ಇಲ್ಲ.

ಕೊಳವೆಯ ತುದಿಯಲ್ಲಿ ಜ್ವಾಲೆ ಹತ್ತಿಕೊಂಡಿತಲ್ಲ, ಒಲೆಯಲ್ಲಿ ಕಾಣುವ ಜ್ವಾಲೆಯೂ ಅದೇ. ಶಾಖಕ್ಕೆ ಒಡೆದ ಕಟ್ಟಿಗೆಯಿಂದ ಹೊರಬಂದ ಅನಿಲಗಳು ಗಾಳಿಯಲ್ಲಿ ಉರಿಯುತ್ತವೆ. ಆದ್ದರಿಂದ ಕಟ್ಟಿಗೆ ಒಡೆಯುವುದಕ್ಕೆ ಗಾಳಿ ಬೇಕಿಲ್ಲ, ಒಡೆದ ಚೂರುಗಳು ಉರಿಯುವುದಕ್ಕೆ ಮಾತ್ರ ಬೇಕು. ಗಾಳಿ ತೆಗೆದಾಗ ನೀವು ತಡೆದದ್ದು ಎರಡನೆಯ ಹಂತವನ್ನು. ಮೊದಲನೆಯದು ಏನೂ ಆಗಿಲ್ಲವೆಂಬಂತೆ ನಡೆದೇ ನಡೆಯುತ್ತದೆ.

ಈ ಓಟ ಸಾವಯವ ವಸ್ತುಗಳಿಗಷ್ಟೇ ಮೀಸಲು ಎಂದುಕೊಳ್ಳಬೇಡಿ. ಅಡುಗೆ ಉಪ್ಪು 801 ಡಿಗ್ರಿಗೆ ಕರಗುತ್ತದೆ. ಅದರ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಒಂಟಿ ಪರಮಾಣುಗಳು, ಅವುಗಳ ಒಳಗೆ ಮುರಿಯಲು ಏನೂ ಇಲ್ಲ. ಹಾಗಾಗಿ ಓಟದಲ್ಲಿ ಎದುರಾಳಿಯೇ ಇಲ್ಲ. ಲೋಹಗಳ ಕಥೆಯೂ ಇದೇ: ತವರ 232, ಸೀಸ 327, ಕಬ್ಬಿಣ 1,538, ಟಂಗ್‌ಸ್ಟನ್ 3,422. ಎಷ್ಟೇ ಮೇಲೆ ಹೋದರೂ ಒಂದು ದಿನ ಕರಗಲೇಬೇಕು. ಸುಣ್ಣಕಲ್ಲಿಗೆ ಬನ್ನಿ. ಅದರಲ್ಲಿರುವ ಕಾರ್ಬೊನೇಟ್ ಅಯಾನಿನೊಳಗೆ ಒಂದು ಇಂಗಾಲ, ಮೂರು ಆಕ್ಸಿಜನ್ ಕೂಡಿಕೊಂಡಿವೆ. ಅಂದರೆ ಮುರಿಯಲು ಒಂದು ಜಾಗವಿದೆ. ಸುಣ್ಣದ ಗೂಡಿನಲ್ಲಿ 900 ಡಿಗ್ರಿಯ ಸುಮಾರಿಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಕಲ್ಲು ಕರಗುವ ಮಾತೇ ಇಲ್ಲ. ಪೆಟ್ಲುಪ್ಪಿನ ನೈಟ್ರೇಟ್ ಅಯಾನಿಗೂ ಇಂಥದೇ ರಚನೆ, ಆದರೆ ಅದು 334 ಡಿಗ್ರಿಗೆ ನೆಮ್ಮದಿಯಾಗಿ ಕರಗಿ, ಇನ್ನೂ ಮೇಲೆ ಹೋದಾಗಷ್ಟೇ ಆಕ್ಸಿಜನ್ ಬಿಡತೊಡಗುತ್ತದೆ. ಹೀಗಾಗಿ ರಚನೆಯನ್ನು ಕಂಡ ಮಾತ್ರಕ್ಕೆ ಗೆಲ್ಲುವವರು ಯಾರೆಂದು ಹೇಳಲಾಗದು, ಎರಡೂ ಕಡೆಯ ಬಲ ತೂಗಬೇಕು.

ಓಟವನ್ನು ನಾವು ಬಾಗಿಸಲೂಬಹುದು. ಸ್ಕಾಟ್ಲೆಂಡಿನ ಸರ್ ಜೇಮ್ಸ್ ಹಾಲ್ 19ನೇ ಶತಮಾನದ ಆರಂಭದಲ್ಲಿ ಇದನ್ನು ಮಾಡಿದರು. ಅವರ ಗೆಳೆಯ, ಭೂವಿಜ್ಞಾನಿ ಜೇಮ್ಸ್ ಹಟ್ಟನ್, ಭೂಮಿಯೊಳಗಿನ ಶಾಖದಿಂದ ಬಂಡೆಗಳು ರೂಪುಗೊಂಡಿವೆ ಎಂದು ವಾದಿಸುತ್ತಿದ್ದರು. ಸುಣ್ಣಕಲ್ಲನ್ನು ಕಾಯಿಸಿದರೆ ಪುಡಿಸುಣ್ಣವಾಗುತ್ತದೆ, ಅಮೃತಶಿಲೆ ಎಲ್ಲಿಂದ ಬರುತ್ತದೆ ಎಂದು ಎದುರಾಳಿಗಳು ಕೇಳುತ್ತಿದ್ದರು. ಹಾಲ್ ಸೀಮೆಸುಣ್ಣದ ಪುಡಿಯನ್ನು ಬಂದೂಕಿನ ನಳಿಗೆಯೊಳಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಕುಲುಮೆಯಲ್ಲಿ ಕಾಯಿಸಿದರು. ಅನಿಲ ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿತು, ವಿಭಜನೆ ನಿಂತಿತು, ಒಳಗೆ ಅಮೃತಶಿಲೆಯಂಥ ಗಟ್ಟಿ ಕಲ್ಲು ಸಿಕ್ಕಿತು. ನಳಿಗೆಗಳು ಒಡೆಯುವುದೂ ಇತ್ತು. ಇದನ್ನು ಯಾರೂ ಅನುಕರಿಸಬಾರದು. ಇಂದಿನ ಉಪಕರಣಗಳಲ್ಲಿ ನೂರು ವಾಯುಭಾರದಷ್ಟು ಒತ್ತಡ ಹೇರಿ 1,300 ಡಿಗ್ರಿ ಮೀರಿಸಿದರೆ ಸುಣ್ಣಕಲ್ಲು ನಿಜವಾಗಿಯೂ ಕರಗುತ್ತದೆ. ಹಾಗಿದ್ದರೆ ಕಟ್ಟಿಗೆಯ ಮೇಲೂ ಒತ್ತಡ ಹೇರಬಾರದೇಕೆ ಎಂದು ನೀವು ಕೇಳುವಿರಿ. ಸುಣ್ಣಕಲ್ಲು ಒಡೆದರೂ ಮತ್ತೆ ಕೂಡಿಕೊಳ್ಳಬಲ್ಲದು, ಅನಿಲ ಸುತ್ತಲೇ ಇದ್ದರೆ ಸುಣ್ಣ ಅದನ್ನು ಹೀರಿಕೊಂಡು ಮೊದಲಿನಂತಾಗುತ್ತದೆ. ಸೆಲ್ಯುಲೋಸ್ ಒಡೆಯುವುದು ಹಿಂದಿರುಗದ ದಾರಿ. ನೀರು, ಇಂಗಾಲ, ಅನಿಲಗಳನ್ನು ಎಷ್ಟು ಅದುಮಿದರೂ ಸೆಲ್ಯುಲೋಸ್ ಮತ್ತೆ ಹುಟ್ಟುವುದಿಲ್ಲ.

ಒತ್ತಡ ಕೈಕೊಟ್ಟರೂ ಇನ್ನೊಂದು ಉಪಾಯವಿದೆ. ಅದನ್ನು ಹೇಳಲು ಸಕ್ಕರೆಯ ಬಳಿ ಹೋಗಬೇಕು.

ಸಕ್ಕರೆಯ ದ್ರವನಬಿಂದು ಎಷ್ಟು ಎಂದು ಹಲವು ಪುಸ್ತಕಗಳನ್ನು ತೆರೆದು ನೋಡಿ. 160, 185, 186, 190 ಹೀಗೆ ಬೇರೆ ಬೇರೆ ಅಂಕಿಗಳು ಸಿಗುತ್ತವೆ. ಶುದ್ಧ ವಸ್ತುವಿನ ದ್ರವನಬಿಂದು ಒಂದೇ ಇರಬೇಕು. ಎಷ್ಟೋ ರಸಾಯನಶಾಸ್ತ್ರಜ್ಞರು ವಸ್ತುವಿನ ಶುದ್ಧತೆಯನ್ನು ಪರೀಕ್ಷಿಸುವುದೇ ಅದು ಸರಿಯಾಗಿ ಅದೇ ಡಿಗ್ರಿಗೆ ಕರಗುತ್ತದೆಯೇ ಎಂದು ನೋಡಿ. ಹಾಗಿದ್ದೂ ಸಕ್ಕರೆಗೆ ಇಷ್ಟು ಅಂಕಿಗಳೇಕೆ? ಬಹುಕಾಲ ಇದಕ್ಕೆ ಕಲ್ಮಶವೇ ಕಾರಣ ಎಂದು ಸಮಾಧಾನ ಹೇಳಿಕೊಂಡಿದ್ದರು. 2011ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಸಕ್ಕರೆಯನ್ನು ಬೇರೆ ಬೇರೆ ವೇಗದಲ್ಲಿ ಕಾಯಿಸಿ ನೋಡಿದರು. ನಿಧಾನವಾಗಿ ಕಾಯಿಸಿದಷ್ಟೂ ಅದು ಕಡಿಮೆ ತಾಪಮಾನದಲ್ಲೇ ದ್ರವವಾಗುತ್ತಿತ್ತು, ವೇಗವಾಗಿ ಕಾಯಿಸಿದರೆ ಹೆಚ್ಚು ತಾಪಮಾನ ಬೇಕಾಗುತ್ತಿತ್ತು. ನಿಜವಾಗಿ ಕರಗುವ ವಸ್ತು ಹೀಗೆ ನಡೆದುಕೊಳ್ಳುವುದಿಲ್ಲ. ಮಂಜುಗಡ್ಡೆಯನ್ನು ಒಂದು ನಿಮಿಷದಲ್ಲಿ ಕರಗಿಸಿ, ಒಂದು ದಿನ ಹಿಡಿದು ಕರಗಿಸಿ, ಸೊನ್ನೆ ಡಿಗ್ರಿ ಸೊನ್ನೆಯೇ. ಸಕ್ಕರೆಯಲ್ಲಿ ನಾವು ಕರಗುವುದು ಎಂದು ಕರೆಯುತ್ತಿದ್ದುದರ ಹಿಂದೆ ವಿಭಜನೆ ಆಗಲೇ ಕೈಯಾಡಿಸಿತ್ತು. ಕೆಲವು ಅಣುಗಳು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ, ಆ ಚೂರುಗಳು ಉಳಿದ ಸ್ಫಟಿಕವನ್ನು ಕೆಡಿಸುತ್ತವೆ, ಒಟ್ಟಾರೆ ದ್ರವವಾಗುತ್ತದೆ. ನೀವು ಗಮನಿಸಿದ ಕಂದು ಬಣ್ಣ ಅದೇ ವಿಭಜನೆಯ ಮುಂದಿನ ಅಧ್ಯಾಯ.

ನನಗೆ ಈ ಇಡೀ ವಿಷಯದಲ್ಲಿ ಮುಖ್ಯವಾಗಿ ಕಾಣುವುದು ಇದು, ಪಠ್ಯಪುಸ್ತಕಗಳು ಹಾರಿಸಿಬಿಡುವುದೂ ಇದನ್ನೇ. ಕರಗುವುದಕ್ಕೆ ಒಂದು ತಾಪಮಾನವಿದೆ, ಒಡೆಯುವುದಕ್ಕೆ ಇರುವುದು ವೇಗ. ದ್ರವನಬಿಂದುವಿನ ಕೆಳಗೆ ನೂರು ವರ್ಷ ಇಟ್ಟರೂ ಮಂಜುಗಡ್ಡೆ ಕರಗುವುದಿಲ್ಲ. ಆದರೆ ವಿಭಜನೆ ಯಾವ ತಾಪಮಾನದಲ್ಲೂ ಪೂರ್ತಿ ನಿಂತಿರುವುದಿಲ್ಲ, ತಣ್ಣಗಿದ್ದಾಗ ಲೆಕ್ಕಕ್ಕೆ ಸಿಗದಷ್ಟು ನಿಧಾನ, ಬಿಸಿ ಏರಿದಂತೆ ಬಹುಬೇಗ ವೇಗ ಪಡೆಯುತ್ತದೆ. ಕೋಷ್ಟಕಗಳಲ್ಲಿ ‘ಇಷ್ಟು ಡಿಗ್ರಿಗೆ ವಿಭಜನೆ’ ಎಂದು ಬರೆದ ಅಂಕಿಗೆ ನಾನು ದ್ರವನಬಿಂದುವಿಗೆ ಕೊಡುವ ಗೌರವ ಕೊಡುವುದಿಲ್ಲ. ಎಷ್ಟು ಹೊತ್ತು ಕಾಯಿಸಿದರು ಎಂದು ಹೇಳದೆ ಆ ಅಂಕಿಗೆ ಪೂರ್ಣ ಅರ್ಥವಿಲ್ಲ.

ವಿಭಜನೆಗೆ ಸಮಯ ಬೇಕು ಎಂದಾದರೆ ಸಮಯವನ್ನೇ ಕೊಡದಿದ್ದರೆ? ಕಟ್ಟಿಗೆಯ ವಿಷಯದಲ್ಲಿ ಉಳಿದಿರುವ ಉಪಾಯ ಇದೇ. ಶುದ್ಧ ಸೆಲ್ಯುಲೋಸನ್ನು ಲೇಸರ್ ಕಿರಣದಿಂದ ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಕಾಯಿಸಿ, ಜೊತೆಗೇ ಒತ್ತಿದಾಗ ಅದು ಕ್ಷಣಮಾತ್ರ ಮೆತ್ತಗಾಗಿ ಹರಿದ ಕುರುಹುಗಳು ಸಿಕ್ಕಿವೆ. ಅತಿ ಬಿಸಿಯಾದ ಮೇಲ್ಮೈಗೆ ಸೆಲ್ಯುಲೋಸ್ ಕಣಗಳನ್ನು ತಾಗಿಸಿ, ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದಾಗ, ಅವು ಆವಿಯಾಗುವ ಮುನ್ನ ದ್ರವದ ಹನಿಗಳಂತೆ ಕಂಡಿದ್ದೂ ಇದೆ. ಆ ದ್ರವ ಇಡೀ ಸರಪಳಿಗಳದೋ, ಆಗಲೇ ತುಂಡಾದ ಗಿಡ್ಡ ಸರಪಳಿಗಳದೋ ಎಂಬುದು ಚರ್ಚೆಯ ಮಾತು. ನನ್ನ ಒಲವು ಎರಡನೆಯದರ ಕಡೆಗೆ. ಇನ್ನು ಇಡೀ ಕಟ್ಟಿಗೆಯ ಮಾತಿಗೆ ಬಂದರೆ, ಎರಡು ಮರದ ತುಂಡುಗಳನ್ನು ಬಿಗಿಯಾಗಿ ಒತ್ತಿಹಿಡಿದು ಯಂತ್ರದಿಂದ ಅತಿ ವೇಗವಾಗಿ ಉಜ್ಜಿದರೆ ಕೆಲವೇ ಸೆಕೆಂಡುಗಳಲ್ಲಿ ಅಂಟು, ಮೊಳೆ ಯಾವುದೂ ಇಲ್ಲದೆ ಬೆಸೆದುಕೊಳ್ಳುತ್ತವೆ. ಉಜ್ಜುವ ಶಾಖಕ್ಕೆ ಎಳೆಗಳ ನಡುವಿನ ಲಿಗ್ನಿನ್ ಮೆತ್ತಗಾಗಿ ಹರಿದು, ತಣಿದಾಗ ಗಟ್ಟಿಯಾಗುತ್ತದೆ. ಹಬೆ ಹಾಯಿಸಿದ ಮರ ಬಾಗುವುದಕ್ಕೂ ಲಿಗ್ನಿನ್‌ನ ಈ ಗುಣವೇ ಕಾರಣ. ಆದ್ದರಿಂದ ‘ಕಟ್ಟಿಗೆ ಕರಗುವುದೇ ಇಲ್ಲ’ ಎಂಬ ನನ್ನ ಮೊದಲ ವಾಕ್ಯಕ್ಕೆ ಒಂದು ಅಡಿಟಿಪ್ಪಣಿ ಬೇಕು: ಅದರ ಒಂದು ಭಾಗ ಮೆತ್ತಗಾಗುತ್ತದೆ, ಎಲುಬಿನಂತಿರುವ ಸೆಲ್ಯುಲೋಸ್ ಕದಲುವುದಿಲ್ಲ.

ಕರಗುವುದು ಮತ್ತು ಒಡೆಯುವುದು ಎರಡನ್ನೂ ಒಂದೇ ಪ್ರನಾಳದಲ್ಲಿ, ಒಂದರ ಹಿಂದೊಂದರಂತೆ ಕಣ್ಣಾರೆ ನೋಡಬೇಕಿದ್ದರೆ ಗಂಧಕಕ್ಕಿಂತ ಒಳ್ಳೆಯ ವಸ್ತು ಇಲ್ಲ. ಗಂಧಕದ ಅಣು ಎಂಟು ಪರಮಾಣುಗಳ ಉಂಗುರ. ಪ್ರನಾಳದ ಕಾಲುಭಾಗದಷ್ಟು ಗಂಧಕದ ಪುಡಿ ಹಾಕಿ ಸಣ್ಣ ಜ್ವಾಲೆಯ ಮೇಲೆ ತಿರುಗಿಸುತ್ತ ಕಾಯಿಸಿ. 115 ಡಿಗ್ರಿಯ ಸುಮಾರಿಗೆ ಅಂಚುಗಳು ಮಿನುಗತೊಡಗಿ, ಪುಡಿ ಕುಸಿದು, ಜೇನಿನ ಬಣ್ಣದ ತೆಳು ದ್ರವವಾಗುತ್ತದೆ. ಅಲುಗಿಸಿದರೆ ನೀರಿನಂತೆ ಆಡುತ್ತದೆ. ಉಂಗುರಗಳು ಇನ್ನೂ ಇಡಿಯಾಗಿವೆ, ಒಂದರಿಂದೊಂದು ಬಿಡಿಸಿಕೊಂಡಿವೆ ಅಷ್ಟೇ. ಇಲ್ಲಿಗೆ ನಿಲ್ಲಿಸಿ ತಣಿಸಿದರೆ ಮತ್ತೆ ಹಳದಿ ಗಂಧಕ. ನಿಲ್ಲಿಸದೆ ಮುಂದುವರಿಸಿ. 159 ಡಿಗ್ರಿ ದಾಟುತ್ತಲೇ ಬಣ್ಣ ಕೆಂಪಾಗಿ, ಕಂದಾಗಿ, ದ್ರವ ತೆಳುವಾಗುವ ಬದಲು ದಪ್ಪವಾಗುತ್ತದೆ. 190 ಡಿಗ್ರಿಯ ಹತ್ತಿರ ಪ್ರನಾಳವನ್ನು ಬೋರಲು ಹಿಡಿದರೂ ಕೆಳಗೆ ಬೀಳುವುದಿಲ್ಲ. ಬಿಸಿ ಮಾಡಿದಷ್ಟೂ ದ್ರವ ತೆಳುವಾಗಬೇಕು ಎಂದು ನಂಬಿದವರಿಗೆ ಇದು ಒಗಟು. ಉಂಗುರಗಳು ಮುರಿದು, ಮುರಿದ ತುದಿಗಳು ಒಂದಕ್ಕೊಂದು ಸೇರಿ ಸಾವಿರಾರು ಪರಮಾಣುಗಳ ಉದ್ದದ ಸರಪಳಿಗಳಾಗಿ ಸಿಕ್ಕುಬಿದ್ದಿರುತ್ತವೆ. ಇನ್ನೂ ಕಾಯಿಸಿದರೆ ಸರಪಳಿಗಳೂ ತುಂಡಾಗಿ ಕಪ್ಪು ದ್ರವ ಮತ್ತೆ ಸರಾಗವಾಗಿ ಹರಿಯುತ್ತದೆ. 445 ಡಿಗ್ರಿಗೆ ಕುದಿಯುತ್ತದೆ. ಕುದಿಯುವ ಸ್ವಲ್ಪ ಮುನ್ನ ಅದನ್ನು ತಣ್ಣೀರಿಗೆ ಸಣ್ಣ ಧಾರೆಯಾಗಿ ಸುರಿದರೆ ರಬ್ಬರಿನಂತೆ ಎಳೆಯಬಹುದಾದ ಕಂದು ಎಳೆ ಸಿಗುತ್ತದೆ. ಕೆಲವು ದಿನ ಬಿಟ್ಟರೆ ಉಂಗುರಗಳು ಮತ್ತೆ ಕೂಡಿಕೊಂಡು, ಆ ಎಳೆ ಹಳದಿಗಟ್ಟಿ ಪುಡಿಪುಡಿಯಾಗುತ್ತದೆ. ಗಂಧಕ ಹೊತ್ತಿಕೊಂಡರೆ ಉಸಿರು ಕಟ್ಟಿಸುವ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಆದ್ದರಿಂದ ಹೊಗೆ ಹೊರಹಾಕುವ ವ್ಯವಸ್ಥೆಯಿರುವ ಪ್ರಯೋಗಾಲಯದಲ್ಲಿ, ತಿಳಿದವರ ಎದುರಿಗೇ ಇದನ್ನು ಮಾಡಬೇಕು, ಮನೆಯಲ್ಲಿ ಬೇಡ.

ಗಂಧಕದ ದ್ರವನಬಿಂದುವೂ ಪುಸ್ತಕದಿಂದ ಪುಸ್ತಕಕ್ಕೆ 113ರಿಂದ 119ರವರೆಗೆ ಬದಲಾಗುತ್ತದೆ. ಇಲ್ಲಿನ ಕಾರಣ ಸಕ್ಕರೆಯದ್ದಲ್ಲ. 95 ಡಿಗ್ರಿ ದಾಟಿದ ಮೇಲೆ ಗಂಧಕದ ಸ್ಫಟಿಕ ಘನರೂಪದಲ್ಲೇ ಇನ್ನೊಂದು ಜೋಡಣೆಗೆ ಹೊರಳುತ್ತದೆ, ಆದರೆ ಬಹಳ ಸೋಮಾರಿಯಾಗಿ. ಬೇಗ ಕಾಯಿಸಿದರೆ ಹಳೆಯ ಜೋಡಣೆ ಹಾಗೆಯೇ ಇದ್ದು 113ಕ್ಕೆ ಕರಗುತ್ತದೆ, ನಿಧಾನವಾಗಿ ಕಾಯಿಸಿದರೆ ಹೊಸದು 119ಕ್ಕೆ. ಎರಡೂ ನಿಜವಾದ ದ್ರವನಬಿಂದುಗಳೇ. ಹೀಗೆ ಕರಗುವ ಮೊದಲೇ ಒಳಜೋಡಣೆ ಬದಲಿಸುವ ವಸ್ತುಗಳು ಇನ್ನೂ ಇವೆ, ಕಬ್ಬಿಣವೂ 912 ಡಿಗ್ರಿಯಲ್ಲಿ ಒಮ್ಮೆ, 1,394ರಲ್ಲಿ ಮತ್ತೊಮ್ಮೆ ಮಗ್ಗುಲು ಬದಲಿಸುತ್ತದೆ. ಕೆಂಪಗೆ ಕಾದ ಉಕ್ಕಿನ ತಂತಿ ತಣಿಯುತ್ತಿರುವಾಗ ನಡುವೆ ಒಮ್ಮೆ ತಾನಾಗಿಯೇ ಮತ್ತೆ ಪ್ರಖರವಾಗುವುದನ್ನು 1873ರಲ್ಲಿ ವಿಲಿಯಂ ಬ್ಯಾರೆಟ್ ವರದಿ ಮಾಡಿದರು. ಜೋಡಣೆ ಬದಲಾಗುವಾಗ ಹೊರಬೀಳುವ ಶಾಖವೇ ಆ ಬೆಳಕು.

ನಿಮ್ಮ ಪ್ರಶ್ನೆಯಲ್ಲಿ ಕರ್ಪೂರ ಮತ್ತು ಅಯೋಡಿನ್ ಬಂದಿವೆ. ಅವು ಕರಗುವುದೇ ಇಲ್ಲ ಎಂದು ನೀವು ಓದಿದ್ದು ತಪ್ಪು, ಆ ತಪ್ಪು ನಿಮ್ಮದಲ್ಲ. ಎಷ್ಟೋ ಶಾಲಾ ಪುಸ್ತಕಗಳು ಹಾಗೆಯೇ ಬರೆಯುತ್ತವೆ. ಅಯೋಡಿನ್ 114 ಡಿಗ್ರಿಗೆ ಕರಗುತ್ತದೆ, ಕರ್ಪೂರ 175–180ರ ನಡುವೆ. ತೆರೆದ ಪಾತ್ರೆಯಲ್ಲಿ ನಿಧಾನವಾಗಿ ಬಿಸಿ ಮಾಡಿದರೆ ಅಷ್ಟು ಹೊತ್ತಿಗೆ ಬಹುಪಾಲು ಆವಿಯಾಗಿ ಹೋಗಿರುತ್ತದೆ, ಹಾಗಾಗಿ ದ್ರವ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯ ವಾಯುಭಾರದಲ್ಲಿ ದ್ರವವಾಗಲು ನಿಜವಾಗಿಯೂ ಒಪ್ಪದ ವಸ್ತು ಬೇಕೆಂದರೆ ಘನ ಕಾರ್ಬನ್ ಡೈಆಕ್ಸೈಡ್ ಇದೆ. ಮೈನಸ್ 78.5 ಡಿಗ್ರಿಯಲ್ಲಿ ನೇರವಾಗಿ ಅನಿಲವಾಗುತ್ತದೆ, ಅದರ ದ್ರವ ನೋಡಬೇಕಾದರೆ ಐದು ವಾಯುಭಾರಕ್ಕಿಂತ ಹೆಚ್ಚು ಒತ್ತಡ ಬೇಕು. ನವಸಾಗರ ಇನ್ನೊಂದು ಬಗೆಯ ಮೋಸಗಾರ. ಕಾಯಿಸಿದರೆ ಆವಿಯಾದಂತೆ ಕಾಣುತ್ತದೆ, ಮೇಲಿನ ತಣ್ಣನೆಯ ಗಾಜಿನ ಮೇಲೆ ಬಿಳಿ ಪುಡಿಯಾಗಿ ಮತ್ತೆ ಕೂರುತ್ತದೆ. ವಾಸ್ತವದಲ್ಲಿ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದು, ಮೇಲೆ ಹೋಗಿ ಮತ್ತೆ ಕೂಡಿಕೊಂಡಿರುತ್ತದೆ.

ಕರಗಿದಂತೆ ನಟಿಸುವವುಗಳಲ್ಲಿ ಪಟಿಕವನ್ನೂ ಸೇರಿಸಬೇಕು. ಅದರ ಸ್ಫಟಿಕದೊಳಗೆ ನೀರಿನ ಅಣುಗಳು ಸೇರಿಕೊಂಡಿರುತ್ತವೆ. 92 ಡಿಗ್ರಿಯ ಸುಮಾರಿಗೆ ಅದು ದ್ರವವಾಗುವುದು ತನ್ನದೇ ನೀರಿನಲ್ಲಿ ತಾನು ಕರಗಿ. ಮುಂದೆ ಕಾಯಿಸಿದರೆ ನೊರೆಯೆದ್ದು, ಉಬ್ಬಿ, ಕೊನೆಗೆ ಹಗುರವಾದ ಬಿಳಿ ಗುಡ್ಡೆ ಉಳಿಯುತ್ತದೆ. ಮೈಲುತುತ್ತದ ನೀಲಿ ಸ್ಫಟಿಕವೂ ನೀರು ಬಿಟ್ಟು ಬಿಳಿಯಾಗುತ್ತದೆ, ಒಂದು ಹನಿ ನೀರು ಹಾಕಿದರೆ ಬಿಸಿಯೇರಿ ಮತ್ತೆ ನೀಲಿ.

ಪ್ಲಾಸ್ಟಿಕ್‌ಗಳ ಬಗ್ಗೆ ಎರಡು ಮಾತು. ಪಾಲಿಥೀನ್ ಕೂಡ ಸೆಲ್ಯುಲೋಸಿನಂತೆ ಉದ್ದದ ಸರಪಳಿಯೇ, ಆದರೆ ಸರಪಳಿಗಳ ನಡುವೆ ಹೈಡ್ರೋಜನ್ ಬಂಧಗಳಿಲ್ಲ. ಹಾಗಾಗಿ 105–135 ಡಿಗ್ರಿಯೊಳಗೆ ಕರಗಿ ಬೇಕಾದ ಆಕಾರ ಪಡೆಯುತ್ತದೆ. ಪಿವಿಸಿಯಲ್ಲಿ ಓಟ ಬಹಳ ಬಿಗಿ: ಮೆತ್ತಗಾಗುವ ತಾಪಮಾನದ ಹತ್ತಿರದಲ್ಲೇ ಅದು ಹೈಡ್ರೋಜನ್ ಕ್ಲೋರೈಡ್ ಬಿಡತೊಡಗುತ್ತದೆ, ಕಾರ್ಖಾನೆಗಳು ಸ್ಥಿರಕಾರಿಗಳನ್ನು ಬೆರೆಸಿ ಕೆಲವು ನಿಮಿಷಗಳ ಬಿಡುವು ಗಿಟ್ಟಿಸಿಕೊಳ್ಳುತ್ತವೆ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಬೇಕಲೈಟ್ ಒಮ್ಮೆ ಗಟ್ಟಿಯಾಯಿತೆಂದರೆ ಮುಗಿಯಿತು. ಅದರ ಸರಪಳಿಗಳೆಲ್ಲ ಅಡ್ಡಕ್ಕೆ ಒಂದಕ್ಕೊಂದು ಬೆಸೆದು ಇಡೀ ವಸ್ತು ಒಂದೇ ಜಾಲವಾಗಿರುತ್ತದೆ, ಬಿಡಿಸಿಕೊಂಡು ಹರಿಯಲು ಬೇರೆ ಅಣುವೇ ಇರುವುದಿಲ್ಲ. ಕಾಯಿಸಿದರೆ ಕಟ್ಟಿಗೆಯಂತೆ ಕರಿಯಾಗುತ್ತದೆ. ಗಾಜಿನ ಕಥೆ ಬೇರೆ: ಅದಕ್ಕೆ ಸ್ಫಟಿಕದ ಸಾಲೇ ಇಲ್ಲವಾದ್ದರಿಂದ ಮುರಿಯುವ ಒಂದು ನಿರ್ದಿಷ್ಟ ಕ್ಷಣವೂ ಇಲ್ಲ, ನೂರಾರು ಡಿಗ್ರಿಗಳ ಅಂತರದಲ್ಲಿ ನಿಧಾನವಾಗಿ ಮೆತ್ತಗಾಗುತ್ತ ಹೋಗುತ್ತದೆ.

ಕೊನೆಯಲ್ಲಿ ಪ್ರನಾಳದ ತಳದಲ್ಲಿ ಉಳಿದ ಆ ಇದ್ದಿಲು. ಅದನ್ನಾದರೂ ಕರಗಿಸಬಹುದೇ? ಗಾಳಿಯಿಲ್ಲದೆ ಸಾವಿರ, ಎರಡು ಸಾವಿರ ಡಿಗ್ರಿಗೆ ಏರಿಸಿದರೆ ಉಳಿದ ಹೈಡ್ರೋಜನ್, ಆಕ್ಸಿಜನ್ ಎಲ್ಲ ಹೊರಟುಹೋಗಿ ಹೆಚ್ಚುಕಡಿಮೆ ಶುದ್ಧ ಇಂಗಾಲ ಉಳಿಯುತ್ತದೆ. ಇನ್ನು ಒಡೆಯಲು ಏನೂ ಇಲ್ಲ, ಓಟದಲ್ಲಿ ಎದುರಾಳಿ ಇಲ್ಲ. ಆದರೂ ಸಾಮಾನ್ಯ ವಾಯುಭಾರದಲ್ಲಿ ಇಂಗಾಲ ದ್ರವವಾಗುವುದಿಲ್ಲ, 3,600 ಡಿಗ್ರಿ ದಾಟಿದಾಗ ಕಾರ್ಬನ್ ಡೈಆಕ್ಸೈಡ್‌ನ ಹಾಗೆ ನೇರವಾಗಿ ಆವಿಯಾಗುತ್ತದೆ. ಸುಮಾರು ನೂರು ವಾಯುಭಾರದ ಒತ್ತಡದಲ್ಲಿಟ್ಟು 4,000 ಡಿಗ್ರಿ ಮೀರಿಸಿದರೆ ದ್ರವ ಇಂಗಾಲ ಸಿಗುತ್ತದೆ. ಅಷ್ಟು ಬಿಸಿಗೆ ಟಂಗ್‌ಸ್ಟನ್ ಪಾತ್ರೆಯೂ ಕರಗಿಹೋಗುವುದರಿಂದ, ಸಣ್ಣ ಚೂರನ್ನು ಲೇಸರ್‌ನಿಂದಲೋ ಕ್ಷಣಮಾತ್ರದ ಭಾರಿ ವಿದ್ಯುತ್ ಪ್ರವಾಹದಿಂದಲೋ ಕಾಯಿಸಿ, ಅದು ತಣಿಯುವುದರೊಳಗೆ ಅಳತೆ ಮುಗಿಸಿಕೊಳ್ಳುತ್ತಾರೆ.